ಟೆಂಡರ್‌ಗೆ ಮುನ್ನ ಕೇಳಬೇಕಾದ ಪ್ರಶ್ನೆ

ಸರ್ಕಾರಿ ಕಾಮಗಾರಿಗಳ ವೆಚ್ಚದ ಕುರಿತು ನಮ್ಮಲ್ಲಿ ನಡೆಯುವ ಚರ್ಚೆ ಸಾಮಾನ್ಯವಾಗಿ ಟೆಂಡರ್ ತೆರೆಯುವ ದಿನದಿಂದ ಆರಂಭವಾಗುತ್ತದೆ. ಯಾವ ಗುತ್ತಿಗೆದಾರ ಎಷ್ಟು ದರ ನಮೂದಿಸಿದ, ಅದು ಅಂದಾಜು ಮೊತ್ತಕ್ಕಿಂತ ಶೇಕಡ ಎಷ್ಟು ಹೆಚ್ಚು ಅಥವಾ ಕಡಿಮೆ, ಕನಿಷ್ಠ ದರ ನಮೂದಿಸಿದವನಿಗೇ ಕೆಲಸ ದೊರೆಯಿತೇ ಎಂಬ ಪ್ರಶ್ನೆಗಳ ಸುತ್ತಲೇ ಸದನದ ಚರ್ಚೆಗಳೂ ಪತ್ರಿಕಾ ವರದಿಗಳೂ ಲೆಕ್ಕಪರಿಶೋಧಕರ ಆಕ್ಷೇಪಣೆಗಳೂ ಸುತ್ತುತ್ತವೆ. ಈ ಪ್ರಶ್ನೆಗಳು ಅಗತ್ಯವಾದವುಗಳೇ. ಆದರೆ ಟೆಂಡರ್ ತೆರೆಯುವ ಹೊತ್ತಿಗೆ ಕಾಮಗಾರಿಯ ವೆಚ್ಚದ ಬಹುಪಾಲು ನಿರ್ಧಾರವಾಗಿಹೋಗಿರುತ್ತದೆ. ಕಟ್ಟಡಕ್ಕೆ ಎಷ್ಟು ಅಂತಸ್ತು, ಸೇತುವೆಗೆ ಎಷ್ಟು ಕಂಬ, ರಸ್ತೆಗೆ ಯಾವ ಬಗೆಯ ಮೇಲ್ಪದರ, ಗೋಡೆಗೆ ಎಷ್ಟು ದಪ್ಪ ಎಂಬುದೆಲ್ಲ ನಕ್ಷೆಯಲ್ಲಿ ಸ್ಥಿರಗೊಂಡಿರುತ್ತದೆ. ಅನಂತರ ಉಳಿಯುವುದು, ಹಾಗೆ ತೀರ್ಮಾನವಾದುದನ್ನು ಯಾರು ತುಸು ಅಗ್ಗವಾಗಿ ಕಟ್ಟಿಕೊಡುತ್ತಾರೆ ಎಂಬ ಚೌಕಾಸಿ ಮಾತ್ರ. ಕೋಟೆ ಕೊಳ್ಳೆ ಹೋದ ಮೇಲೆ ಊರ ಬಾಗಿಲು ಹಾಕಿದರು ಎಂಬ ಗಾದೆ ಇಂಥ ಉಳಿತಾಯಕ್ಕೆ ಚೆನ್ನಾಗಿ ಒಪ್ಪುತ್ತದೆ.

ಈ ವಿಷಯಕ್ಕೆ ಈಗ ಹೆಚ್ಚಿನ ಮಹತ್ವ ಬಂದಿರುವುದಕ್ಕೆ ಕಾರಣವಿದೆ. ರಾಜ್ಯದ 2024–25 ಮತ್ತು 2025–26ರ ಬಜೆಟ್‌ಗಳಲ್ಲಿ ಗ್ಯಾರಂಟಿ ಯೋಜನೆಗಳಿಗೆಂದೇ ತಲಾ 50 ಸಾವಿರ ಕೋಟಿ ರೂಪಾಯಿಗೂ ಹೆಚ್ಚಿನ ಮೊತ್ತ ಮೀಸಲಾಯಿತು. ಆ ಯೋಜನೆಗಳ ಸಾಧಕ–ಬಾಧಕ ಬೇರೆಯೇ ಚರ್ಚೆ. ಆದರೆ ವೇತನ, ಪಿಂಚಣಿ, ಬಡ್ಡಿ ಮತ್ತು ಸಹಾಯಧನಗಳನ್ನು ಕಳೆದು ರಸ್ತೆ, ಶಾಲೆ, ಆಸ್ಪತ್ರೆ, ನೀರಾವರಿಗೆ ಉಳಿಯುವ ಹಣದ ಮೇಲೆ ಒತ್ತಡ ಹೆಚ್ಚಿದೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಹಣ ಕಡಿಮೆಯಿದ್ದಾಗ ಕಾಮಗಾರಿಗಳ ಸಂಖ್ಯೆಯನ್ನು ತಗ್ಗಿಸುವುದು ಒಂದು ದಾರಿ. ಬಿಲ್ ಪಾವತಿಯನ್ನು ಮುಂದೂಡುವುದು ಇನ್ನೊಂದು ದಾರಿ. ಅದೇ ಹಣದಲ್ಲಿ ಹೆಚ್ಚು ಪ್ರಯೋಜನ ಪಡೆಯುವುದು ಹೇಗೆಂದು ಯೋಚಿಸುವುದು ಮೂರನೆಯ ದಾರಿ. ಮೊದಲ ಎರಡನ್ನು ನಾವು ಧಾರಾಳವಾಗಿ ಬಳಸಿದ್ದೇವೆ. ಮೂರನೆಯದನ್ನು ಕ್ರಮಬದ್ಧವಾಗಿ ಪ್ರಯತ್ನಿಸಿಲ್ಲ.

ಆ ಮೂರನೆಯ ದಾರಿಗೆ ಎಂಜಿನಿಯರಿಂಗ್ ಲೋಕದಲ್ಲಿ ಒಂದು ಹೆಸರಿದೆ: ವ್ಯಾಲ್ಯೂ ಎಂಜಿನಿಯರಿಂಗ್. ಕನ್ನಡದಲ್ಲಿ ಮೌಲ್ಯ ಎಂಜಿನಿಯರಿಂಗ್ ಎನ್ನಬಹುದು. ಇದು ಹುಟ್ಟಿದ್ದು ಅಭಾವದ ಕಾಲದಲ್ಲಿ. ಎರಡನೆಯ ಮಹಾಯುದ್ಧದ ಸಮಯದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಗೆ ಬೇಕಾದ ಕಚ್ಚಾ ವಸ್ತುಗಳು ದೊರೆಯದಾದಾಗ ಖರೀದಿ ವಿಭಾಗದವರು ಬದಲಿ ವಸ್ತುಗಳನ್ನು ಹುಡುಕಬೇಕಾಯಿತು. ಎಷ್ಟೋ ಸಂದರ್ಭಗಳಲ್ಲಿ ಬದಲಿ ವಸ್ತುವು ಮೊದಲಿನದಕ್ಕಿಂತ ಅಗ್ಗವೂ ಆಗಿತ್ತು, ಕೆಲವೊಮ್ಮೆ ಗುಣಮಟ್ಟದಲ್ಲಿ ಉತ್ತಮವೂ ಆಗಿತ್ತು. ಅದೇ ಕಂಪನಿಯ ಎಂಜಿನಿಯರ್ ಲಾರೆನ್ಸ್ ಮೈಲ್ಸ್ 1947ರ ವೇಳೆಗೆ ಈ ಅನುಭವಕ್ಕೆ ಒಂದು ವಿಧಾನದ ರೂಪ ಕೊಟ್ಟರು. 1954ರಲ್ಲಿ ಅಮೆರಿಕದ ನೌಕಾದಳದ ಹಡಗು ವಿಭಾಗ ಅದನ್ನು ಅಳವಡಿಸಿಕೊಂಡಿತು.

ಆ ಕಂಪನಿಗೆ ಸಂಬಂಧಿಸಿದ ಒಂದು ಪ್ರಸಿದ್ಧ ಪ್ರಸಂಗವಿದೆ. ಕಾರ್ಖಾನೆಯಲ್ಲಿ ಬಣ್ಣ ಬಳಿಯುವ ಜಾಗದ ನೆಲಕ್ಕೆ ಹಾಸಲು ಆಸ್‌ಬೆಸ್ಟಾಸ್ ಹಾಳೆ ಬೇಕಾಗಿತ್ತು. ಯುದ್ಧದ ಕಾರಣ ಅದು ಸಿಗುತ್ತಿರಲಿಲ್ಲ. ‘ಈ ಹಾಳೆ ನಿಮಗೆ ಏನು ಕೆಲಸ ಮಾಡಿಕೊಡಬೇಕು?’ ಎಂದು ಸರಬರಾಜುದಾರ ವಿಚಾರಿಸಿದ. ತೊಟ್ಟಿಕ್ಕುವ ಬಣ್ಣವನ್ನು ಹಿಡಿದಿಡಬೇಕು, ಬೆಂಕಿ ಹತ್ತಬಾರದು, ಅಷ್ಟೇ ಎಂಬ ಉತ್ತರ ಬಂತು. ಅಷ್ಟು ಕೆಲಸಕ್ಕೆ ಸಾಕಾಗುವ, ಬೆಂಕಿ ಹತ್ತದ ಅಗ್ಗದ ಕಾಗದವೊಂದು ಮಾರುಕಟ್ಟೆಯಲ್ಲೇ ಇತ್ತು. ಆದರೆ ಸುರಕ್ಷತಾ ನಿಯಮಗಳಲ್ಲಿ ಆಸ್‌ಬೆಸ್ಟಾಸ್ ಎಂದೇ ನಮೂದಾಗಿದ್ದುದರಿಂದ ಮೊದಲು ಅನುಮತಿ ದೊರೆಯಲಿಲ್ಲ. ಕೊನೆಗೆ ನಿಯಮವೇ ಬದಲಾಯಿತು. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಈ ಪ್ರಸಂಗದ ಎರಡನೆಯ ಭಾಗ ಹೆಚ್ಚು ಅರ್ಥವಾಗುತ್ತದೆ. ಪರಿಹಾರ ಕಂಡುಹಿಡಿಯುವುದಕ್ಕಿಂತ ಅದಕ್ಕೆ ಕಡತದಲ್ಲಿ ಒಪ್ಪಿಗೆ ಪಡೆಯುವುದೇ ಕಷ್ಟ.

ಮೈಲ್ಸ್ ರೂಪಿಸಿದ ವಿಧಾನದ ತಿರುಳು ಐದು ಸರಳ ಪ್ರಶ್ನೆಗಳಲ್ಲಿದೆ. ಇದು ಏನು? ಇದು ಮಾಡುವ ಕೆಲಸವೇನು? ಇದಕ್ಕೆ ತಗಲುವ ವೆಚ್ಚವೆಷ್ಟು? ಅದೇ ಕೆಲಸವನ್ನು ಬೇರೆ ಯಾವುದು ಮಾಡಬಲ್ಲದು? ಅದಕ್ಕೆ ತಗಲುವ ವೆಚ್ಚವೆಷ್ಟು? ಇವುಗಳಲ್ಲಿ ಎರಡನೆಯ ಪ್ರಶ್ನೆಯೇ ಎಲ್ಲಕ್ಕೂ ಆಧಾರ. ವಸ್ತುವನ್ನು ಬಿಟ್ಟು ಅದು ನೆರವೇರಿಸಬೇಕಾದ ಕಾರ್ಯವನ್ನು ನೋಡಿದಾಗ ಪರ್ಯಾಯಗಳು ಕಾಣಿಸತೊಡಗುತ್ತವೆ. ಕಾರ್ಯಕ್ಕೂ ವೆಚ್ಚಕ್ಕೂ ಹೊಂದಾಣಿಕೆ ಇಲ್ಲದ ಕಡೆ, ಅಂದರೆ ಮೂಗಿಗಿಂತ ಮೂಗುತಿ ಭಾರವಾದ ಕಡೆ, ತಿದ್ದುಪಡಿಗೆ ಅವಕಾಶವಿರುತ್ತದೆ.

ಹೆಸರು ವಿದೇಶಿಯಾದರೂ ಈ ಬಗೆಯ ಚಿಂತನೆ ಕನ್ನಡಿಗರಿಗೆ ಹೊಸದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳನ್ನೇ ನೋಡಬಹುದು. ಹೆಚ್ಚು ನೀರು ಸಂಗ್ರಹಿಸಬೇಕಾದರೆ ಅಣೆಕಟ್ಟೆಯನ್ನು ಎತ್ತರಿಸಬೇಕು ಎಂಬುದು ಯಾರಿಗೂ ಹೊಳೆಯುವ ಉತ್ತರ. ಅವರು ಯೋಚಿಸಿದ್ದು ಕೋಡಿಯ ಮೇಲೆ ಹರಿದು ವ್ಯರ್ಥವಾಗುತ್ತಿದ್ದ ನೀರನ್ನು ತಡೆಯುವುದು ಹೇಗೆಂದು. ನಿಗದಿತ ಮಟ್ಟದವರೆಗೆ ನೀರನ್ನು ತಡೆದು, ಪ್ರವಾಹ ಬಂದಾಗ ತಾವಾಗಿಯೇ ತೆರೆದುಕೊಳ್ಳುವ ಬಾಗಿಲುಗಳಿಂದ ಅಣೆಕಟ್ಟೆಯ ಎತ್ತರವನ್ನು ಹೆಚ್ಚಿಸದೆಯೇ ಸಂಗ್ರಹ ಹೆಚ್ಚಿತು. ಮುಂದೆ ಗ್ವಾಲಿಯರ್‌ನ ಟಿಗ್ರಾ ಮತ್ತು ನಮ್ಮ ಕೃಷ್ಣರಾಜಸಾಗರದಲ್ಲಿಯೂ ಇಂಥ ಬಾಗಿಲುಗಳು ಬಂದವು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ನಿರ್ಮಾಣದಲ್ಲಿ ಆಗ ದುಬಾರಿಯಾಗಿದ್ದ ಸಿಮೆಂಟಿನ ಬದಲು ಸ್ಥಳೀಯವಾಗಿ ತಯಾರಿಸಬಹುದಾದ ಸುರ್ಕಿ ಗಾರೆಯನ್ನು ಬಳಸಲಾಯಿತು. ಆ ಗಾರೆ ಇಂದಿಗೂ ನೀರನ್ನು ತಡೆದು ನಿಂತಿದೆ. ಮೌಲ್ಯ ಎಂಜಿನಿಯರಿಂಗ್ ಎಂಬ ಪದ ಹುಟ್ಟುವುದಕ್ಕೆ ದಶಕಗಳ ಮುನ್ನವೇ ಅದರ ಉತ್ತಮ ಉದಾಹರಣೆಗಳು ಇಲ್ಲಿದ್ದವು.

ಇತ್ತೀಚಿನ ಉದಾಹರಣೆಗಳೂ ಇವೆ. ಕಾಂಕ್ರೀಟ್ ಚಾವಣಿಯಲ್ಲಿ ಮೇಲ್ಭಾಗದ ಕಾಂಕ್ರೀಟ್ ಒತ್ತಡವನ್ನು ತಡೆಯುತ್ತದೆ. ಕೆಳಭಾಗದ ಎಳೆತವನ್ನು ತಡೆಯುವುದು ಕಬ್ಬಿಣದ ಸರಳು. ಕೆಳಭಾಗದಲ್ಲಿ ಸರಳುಗಳ ನಡುವೆ ತುಂಬಿರುವ ಕಾಂಕ್ರೀಟ್ ಭಾರ ಹೊರುವ ವಿಚಾರದಲ್ಲಿ ಹೆಚ್ಚೇನೂ ಮಾಡುವುದಿಲ್ಲ. ಹಾಗಾದರೆ ಅಲ್ಲಿ ಮಂಗಳೂರು ಹೆಂಚನ್ನೇ ಇಟ್ಟರೇನು ಎಂಬ ಪ್ರಶ್ನೆಯಿಂದ ‘ಫಿಲ್ಲರ್ ಸ್ಲ್ಯಾಬ್’ ಬಳಕೆಗೆ ಬಂತು. ಇಟ್ಟಿಗೆಗಳನ್ನು ನಡುವೆ ಪೊಳ್ಳು ಬಿಟ್ಟು ಅಂಚಿನ ಮೇಲೆ ನಿಲ್ಲಿಸಿ ಕಟ್ಟುವ ‘ರ‍್ಯಾಟ್ ಟ್ರ್ಯಾಪ್’ ಗೋಡೆಯಲ್ಲಿ ಸುಮಾರು ಕಾಲು ಭಾಗದಷ್ಟು ಇಟ್ಟಿಗೆ ಉಳಿಯುತ್ತದೆ; ಒಳಗಿನ ಪೊಳ್ಳಿನಿಂದಾಗಿ ಕೋಣೆ ತಂಪಾಗಿಯೂ ಇರುತ್ತದೆ. ಕೇರಳದಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲಾರಿ ಬೇಕರ್ ಈ ಎರಡನ್ನೂ ಜನಪ್ರಿಯಗೊಳಿಸಿದರು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಆಸ್ತ್ರ’ ಕೇಂದ್ರ ಒತ್ತಿದ ಮಣ್ಣಿನ ಇಟ್ಟಿಗೆಯ ಬಗ್ಗೆ ದೀರ್ಘಕಾಲ ಸಂಶೋಧನೆ ನಡೆಸಿತು. ಇಷ್ಟಾದರೂ ಸರ್ಕಾರಿ ಕಟ್ಟಡಗಳಲ್ಲಿ ಈ ತಂತ್ರಗಳು ಕಾಣಿಸುವುದು ಅಪರೂಪ.

2022ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ‘ವಿವೇಕ’ ಯೋಜನೆಯಡಿ 7,601 ಶಾಲಾ ಕೊಠಡಿಗಳ ನಿರ್ಮಾಣಕ್ಕೆ ಚಾಲನೆ ನೀಡಿದಾಗ ಗೋಡೆಗಳಿಗೆ ಯಾವ ಬಣ್ಣ ಬಳಿಯಬೇಕು ಎಂಬ ಬಗ್ಗೆ ರಾಜ್ಯದಾದ್ಯಂತ ವಾದ–ವಿವಾದ ನಡೆಯಿತು. ಆ ಗೋಡೆ ಯಾವುದರಿಂದ, ಯಾವ ವಿನ್ಯಾಸದಲ್ಲಿ, ಎಷ್ಟು ವೆಚ್ಚದಲ್ಲಿ ಏಳುತ್ತದೆ ಎಂಬ ಬಗ್ಗೆ ಅದರ ನೂರರಲ್ಲೊಂದು ಪಾಲು ಚರ್ಚೆಯೂ ನಡೆಯಲಿಲ್ಲ. ಇಲ್ಲಿ ಒಂದು ಸಣ್ಣ ಲೆಕ್ಕ ಹಾಕಿ ನೋಡಬಹುದು. ವಿನ್ಯಾಸವನ್ನು ಮರುಪರಿಶೀಲಿಸಿ, ಗಟ್ಟಿತನಕ್ಕೆ ಭಂಗ ಬಾರದಂತೆ ಒಂದು ಕೊಠಡಿಗೆ ಕೇವಲ 50 ಸಾವಿರ ರೂಪಾಯಿ ಉಳಿಸಿದರೂ 7,601 ಕೊಠಡಿಗಳಿಗೆ 38 ಕೋಟಿ ರೂಪಾಯಿ ಉಳಿಯುತ್ತದೆ. ಕೊಠಡಿಯೊಂದಕ್ಕೆ 15 ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ ಆ ಹಣದಲ್ಲಿ ಇನ್ನೂ 250 ಕೊಠಡಿಗಳನ್ನು ಕಟ್ಟಬಹುದು. ಮರದ ಕೆಳಗೆ, ದೇವಸ್ಥಾನದ ಜಗಲಿಯಲ್ಲಿ ಪಾಠ ಕೇಳುವ ಮಕ್ಕಳಿಗೆ ಈ ಲೆಕ್ಕದ ಅರ್ಥ ಯಾರೂ ವಿವರಿಸಬೇಕಿಲ್ಲ. ಒಂದೇ ನಮೂನೆಯನ್ನು ಸಾವಿರಾರು ಬಾರಿ ಕಟ್ಟುವ ಶಾಲೆ, ಅಂಗನವಾಡಿ, ಆರೋಗ್ಯ ಉಪಕೇಂದ್ರ, ವಸತಿನಿಲಯಗಳಲ್ಲಿಯೇ ಮೌಲ್ಯ ಎಂಜಿನಿಯರಿಂಗ್‌ನ ಲಾಭ ಹೆಚ್ಚು. ಅಧ್ಯಯನಕ್ಕೆ ಒಮ್ಮೆ ಮಾಡುವ ಖರ್ಚು ಪ್ರತಿ ಕಟ್ಟಡದಲ್ಲಿಯೂ ಮರಳಿ ಬರುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಕಬ್ಬಿಣ ಕಡಿಮೆ ಹಾಕುವುದು, ಸಿಮೆಂಟ್ ಉಳಿಸುವುದು, ಡಾಂಬರಿನ ಪದರವನ್ನು ತೆಳುವಾಗಿಸುವುದು ಮೌಲ್ಯ ಎಂಜಿನಿಯರಿಂಗ್ ಎನಿಸುವುದಿಲ್ಲ. ಕಾರ್ಯಕ್ಕೆ ಕುಂದು ತರುವ ಯಾವ ಕಡಿತವೂ ಮೌಲ್ಯದ ಕಡಿತವೇ ಆಗುತ್ತದೆ. ಕೊಚ್ಚಿಯ ಪಾಲಾರಿವಟ್ಟಂ ಮೇಲ್ಸೇತುವೆಯ ಕಥೆ ಇದಕ್ಕೆ ಸಾಕ್ಷಿ. 2016ರ ಅಕ್ಟೋಬರ್‌ನಲ್ಲಿ ಸಂಚಾರಕ್ಕೆ ತೆರೆದ ಆ ಸೇತುವೆಯಲ್ಲಿ ಬಿರುಕುಗಳು ಕಾಣಿಸಿಕೊಂಡು ಮೂರು ವರ್ಷ ತುಂಬುವ ಮೊದಲೇ, 2019ರ ಮೇ ತಿಂಗಳಲ್ಲಿ, ಅದನ್ನು ಮುಚ್ಚಬೇಕಾಯಿತು. ಪ್ರಕರಣ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಕೊನೆಗೆ ಇ. ಶ್ರೀಧರನ್ ಅವರ ಮಾರ್ಗದರ್ಶನದಲ್ಲಿ ದೆಹಲಿ ಮೆಟ್ರೊ ರೈಲು ನಿಗಮ ಅದನ್ನು ಮರುನಿರ್ಮಿಸಿ, 2021ರ ಮಾರ್ಚ್‌ನಲ್ಲಿ ಮತ್ತೆ ಸಂಚಾರಕ್ಕೆ ತೆರೆಯಲಾಯಿತು. ಒಂದೇ ಸೇತುವೆಗೆ ಎರಡು ಬಾರಿ ಹಣ ಸುರಿದದ್ದಲ್ಲದೆ, ನಡುವಣ ಸುಮಾರು ಎರಡು ವರ್ಷ ಆ ದಾರಿಯಲ್ಲಿ ಸಾಗುವವರು ಪಟ್ಟ ಪಾಡು ಯಾವ ಟೆಂಡರ್ ದಾಖಲೆಯಲ್ಲಿಯೂ ನಮೂದಾಗುವುದಿಲ್ಲ.

ಇದಕ್ಕೆ ಪ್ರತಿಯಾಗಿ, ಆರಂಭದಲ್ಲಿ ಹೆಚ್ಚು ಖರ್ಚು ಮಾಡುವುದೇ ನಿಜವಾದ ಉಳಿತಾಯವಾಗುವ ಸಂದರ್ಭಗಳೂ ಇವೆ. ಬೆಂಗಳೂರಿನಲ್ಲಿ ‘ಟೆಂಡರ್‌ಶ್ಯೂರ್’ ರಸ್ತೆಗಳು ಆರಂಭವಾದಾಗ ಕಿಲೋಮೀಟರಿಗೆ ಇಷ್ಟೊಂದು ವೆಚ್ಚವೇ ಎಂದು ಹುಬ್ಬೇರಿಸಿದವರು ಅನೇಕರು. ಆದರೆ ಆ ವಿನ್ಯಾಸದ ಹಿಂದೆ ಒಂದು ಮೂಲಭೂತ ಪ್ರಶ್ನೆಯಿತ್ತು: ನಗರದ ರಸ್ತೆ ಮಾಡುವ ಕೆಲಸವೇನು? ವಾಹನಗಳನ್ನು ಹೊರುವುದಷ್ಟೇ ಅದರ ಕೆಲಸವಲ್ಲ. ಪಾದಚಾರಿಗೆ ದಾರಿ ಕೊಡುವುದು, ಮಳೆನೀರನ್ನು ಸಾಗಿಸುವುದು, ಕುಡಿಯುವ ನೀರು, ಒಳಚರಂಡಿ, ವಿದ್ಯುತ್ ಮತ್ತು ದೂರವಾಣಿ ಮಾರ್ಗಗಳಿಗೆ ಜಾಗ ಒದಗಿಸುವುದು ಕೂಡ ಅದರ ಕೆಲಸವೇ. ಈ ಎಲ್ಲ ಮಾರ್ಗಗಳಿಗೆ ಪಾದಚಾರಿ ಮಾರ್ಗದ ಕೆಳಗೆ ಮೊದಲೇ ಕೊಳವೆಗಳನ್ನು ಹಾಕಿದರೆ ಹೊಸ ಡಾಂಬರು ಒಣಗುವ ಮೊದಲೇ ಇನ್ನೊಂದು ಇಲಾಖೆಯವರು ಗುದ್ದಲಿ ಹಿಡಿದು ಬರುವುದು ತಪ್ಪುತ್ತದೆ. ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆಗಳಲ್ಲಿ ನಡೆದು ನೋಡಿದವರು ವ್ಯತ್ಯಾಸವನ್ನು ಬಲ್ಲರು. ಇದೇ ತರ್ಕವನ್ನು ವೈಟ್ ಟಾಪಿಂಗ್ ರಸ್ತೆಗೂ ಅನ್ವಯಿಸಬೇಕು. ಹೆಚ್ಚು ಬಾಳಿಕೆ ಬರುವ ಕಾಂಕ್ರೀಟ್ ಪದರ ಡಾಂಬರಿಗಿಂತ ಲಾಭದಾಯಕವಾಗುವುದು ಅದರ ಕೆಳಗಿನ ಕೊಳವೆಗಳ ಸ್ಥಿತಿ ಸರಿಯಾಗಿದ್ದರೆ ಮಾತ್ರ. ಕಾಂಕ್ರೀಟನ್ನೇ ಅಗೆಯಬೇಕಾಗಿ ಬಂದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಕಾಮಗಾರಿಯ ಬೆಲೆ ಎಂದರೆ ಕಟ್ಟುವ ವೆಚ್ಚವಷ್ಟೇ ಅಲ್ಲದೆ, ಅದರ ಆಯುಷ್ಯದುದ್ದಕ್ಕೂ ಆಗುವ ನಿರ್ವಹಣೆ, ದುರಸ್ತಿ ಮತ್ತು ವಿದ್ಯುತ್ ವೆಚ್ಚಗಳ ಒಟ್ಟು ಮೊತ್ತ. ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಮೊದಲ ಪಾಠ. ನಮ್ಮ ಟೆಂಡರ್ ಪದ್ಧತಿಗೆ ಇದು ಇನ್ನೂ ತಲುಪಿಲ್ಲ.

ಸಣ್ಣ ಕಾಮಗಾರಿಗಳಿಂದ ಬೃಹತ್ ಯೋಜನೆಗಳತ್ತ ತಿರುಗಿದರೆ, ಕಾರ್ಯ ಏನು ಎಂಬ ಪ್ರಶ್ನೆಯನ್ನು ಸಕಾಲದಲ್ಲಿ ಕೇಳದಿರುವುದರ ಬೆಲೆ ಇನ್ನೂ ದೊಡ್ಡದು. ಎತ್ತಿನಹೊಳೆ ಯೋಜನೆಯ ಅಂದಾಜು 2012ರಲ್ಲಿ 8,323 ಕೋಟಿ ರೂಪಾಯಿ ಇತ್ತು. 2014ರಲ್ಲಿ ಅದು 12,912 ಕೋಟಿಗೆ, 2023ರಲ್ಲಿ 23,251 ಕೋಟಿಗೆ ಏರಿತು. 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತಕ್ಕೆ ಚಾಲನೆ ದೊರೆತಿದೆ. 24.01 ಟಿಎಂಸಿ ಅಡಿ ನೀರು ದೊರೆಯುತ್ತದೆ ಎಂಬ ಆಧಾರದ ಮೇಲೆ ಯೋಜನೆ ರೂಪುಗೊಂಡಿದ್ದರೆ, ದೊರೆಯುವುದು 9.55 ಟಿಎಂಸಿ ಅಡಿ ಮಾತ್ರ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರ ಅಧ್ಯಯನವೊಂದು 2015ರಲ್ಲಿ ಹೇಳಿತು. ಯಾರ ಲೆಕ್ಕ ಸರಿ ಎಂಬುದನ್ನು ಕಾಲವೇ ತೋರಿಸಲಿ. ಬಯಲುಸೀಮೆಯ ಜನರ ನೀರಿನ ಹಕ್ಕನ್ನು ಪ್ರಶ್ನಿಸುವುದು ಇಲ್ಲಿನ ಉದ್ದೇಶವಲ್ಲ; ಫ್ಲೋರೈಡ್‌ಯುಕ್ತ ನೀರು ಕುಡಿಯುವ ಕೋಲಾರ–ಚಿಕ್ಕಬಳ್ಳಾಪುರದ ಹಳ್ಳಿಗಳ ಸಂಕಟ ದೊಡ್ಡದು. ಹಾಗಿದ್ದ ಮೇಲಂತೂ ಕುಡಿಯುವ ನೀರು ಒದಗಿಸುವ ಕಾರ್ಯ ಯಾವುದು, ಕೆರೆ ತುಂಬಿಸಿ ಅಂತರ್ಜಲ ಹೆಚ್ಚಿಸುವ ಕಾರ್ಯ ಯಾವುದು, ಪ್ರತಿಯೊಂದಕ್ಕೂ ಇರುವ ಪರ್ಯಾಯಗಳೇನು ಎಂದು ಬಿಡಿಬಿಡಿಯಾಗಿ ಪರಿಶೀಲಿಸಿ, ಆ ವರದಿಯನ್ನು ಟೆಂಡರಿಗೆ ಮುನ್ನ ಜನರ ಮುಂದಿಡಬೇಕಾಗಿತ್ತು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾಯಿತು. ಸಂಸ್ಕರಣೆಯ ಮಟ್ಟದ ಬಗ್ಗೆ ಆಕ್ಷೇಪಗಳಿದ್ದರೂ ಎರಡನೆಯ ಕಾರ್ಯಕ್ಕೆ ಬೇರೆ ದಾರಿಗಳೂ ಉಂಟು ಎಂಬುದನ್ನು ಅದು ತೋರಿಸಿತು. ಸಾವಿರಾರು ಕೋಟಿಯ ಗುತ್ತಿಗೆಗಳಿಗೆ ಸಹಿ ಬಿದ್ದ ಮೇಲೆ ಇಂಥ ಹೋಲಿಕೆ ಶೈಕ್ಷಣಿಕ ಚರ್ಚೆಯಾಗಿ ಮಾತ್ರ ಉಳಿಯುತ್ತದೆ.

ಹಾಗಾದರೆ ಇಷ್ಟು ಸರಳವಾದ ಪ್ರಶ್ನೆಯನ್ನು ನಮ್ಮ ವ್ಯವಸ್ಥೆ ಏಕೆ ಕೇಳುವುದಿಲ್ಲ? ಎಂಜಿನಿಯರುಗಳಿಗೆ ಜ್ಞಾನವಿಲ್ಲವೆಂದಲ್ಲ. ಕೇಳುವುದರಿಂದ ಯಾರಿಗೂ ಲಾಭವಿಲ್ಲ ಎಂಬುದೇ ಕಾರಣ. ವಿನ್ಯಾಸ ಸಲಹೆಗಾರರ ಶುಲ್ಕ ಸಾಮಾನ್ಯವಾಗಿ ಯೋಜನಾ ವೆಚ್ಚದ ಶೇಕಡಾವಾರು ಲೆಕ್ಕದಲ್ಲಿರುತ್ತದೆ. ವೆಚ್ಚ ತಗ್ಗಿಸಿದ ಸಲಹೆಗಾರ ತನ್ನ ಶುಲ್ಕವನ್ನೇ ತಗ್ಗಿಸಿಕೊಳ್ಳುತ್ತಾನೆ. ಗುತ್ತಿಗೆದಾರನಿಗೆ ಬಾಬುವಾರು ದರದಲ್ಲಿ ಹಣ ಸಂದಾಯವಾಗುತ್ತದೆ. ಪ್ರಮಾಣ ಕಡಿಮೆಯಾದರೆ ಅವನ ಬಿಲ್ಲೂ ಕಡಿಮೆಯಾಗುತ್ತದೆ. ಇಲಾಖೆಗೆ ಮಂಜೂರಾದ ಅನುದಾನ ಮಾರ್ಚ್ 31ರೊಳಗೆ ಖರ್ಚಾಗದಿದ್ದರೆ ವಾಪಸಾಗುತ್ತದೆ. ಉಳಿಸಿದವನಿಗೆ ಮುಂದಿನ ವರ್ಷ ಕಡಿಮೆ ಅನುದಾನವೇ ಬಹುಮಾನ. ಇನ್ನು ಕಾರ್ಯನಿರ್ವಾಹಕ ಎಂಜಿನಿಯರ್‌ನ ಸ್ಥಿತಿಯಂತೂ ವಿಚಿತ್ರ. ದರಪಟ್ಟಿಯಲ್ಲಿರುವ ಬಾಬುಗಳನ್ನೇ ಬಳಸಿ, ಹಳೆಯ ಮಾದರಿ ನಕ್ಷೆಯನ್ನೇ ಅನುಸರಿಸಿ ದುಬಾರಿ ಕಟ್ಟಡ ಕಟ್ಟಿದರೆ ಯಾರೂ ಪ್ರಶ್ನಿಸುವುದಿಲ್ಲ. ದರಪಟ್ಟಿಯಲ್ಲಿಲ್ಲದ ಹೊಸ ತಂತ್ರವನ್ನು ಬಳಸಿ ಹತ್ತು ಲಕ್ಷ ಉಳಿಸಿದರೆ, ‘ಅನುಮೋದಿತ ವಿನ್ಯಾಸದಿಂದ ವಿಚಲನೆ’ ಎಂಬ ಲೆಕ್ಕಪರಿಶೋಧನಾ ಆಕ್ಷೇಪಣೆಗೆ ನಿವೃತ್ತಿಯ ನಂತರವೂ ಉತ್ತರ ಬರೆಯಬೇಕಾಗಬಹುದು.

ಸೇವೆಯಲ್ಲಿದ್ದಾಗ ನಾನು ಭಾಗವಹಿಸಿದ ಟೆಂಡರ್ ಪರಿಶೀಲನಾ ಸಭೆಗಳಲ್ಲಿ ಟೆಂಡರ್ ಪ್ರೀಮಿಯಂ ಶೇ 4 ಇರಬೇಕೇ ಶೇ 6 ಇರಬೇಕೇ ಎಂಬ ಬಗ್ಗೆ ಗಂಟೆಗಟ್ಟಲೆ ಚರ್ಚೆ ನಡೆಯುತ್ತಿತ್ತು. ಯಾವ ಅಂದಾಜಿನ ಮೇಲೆ ಆ ಪ್ರೀಮಿಯಂ ಲೆಕ್ಕ ಹಾಕುತ್ತೇವೆಯೋ ಆ ಅಂದಾಜನ್ನು ಯಾರೂ ಬಿಡಿಸಿ ನೋಡುತ್ತಿರಲಿಲ್ಲ. ಸಭೆಯ ಮುಂದೆ ಅದು ಬರುವ ವೇಳೆಗೆ ಆಡಳಿತಾತ್ಮಕ ಅನುಮೋದನೆಯೂ ತಾಂತ್ರಿಕ ಮಂಜೂರಾತಿಯೂ ಮುಗಿದಿರುತ್ತಿದ್ದವು. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಟೆಂಡರ್ ಪ್ರಕ್ರಿಯೆಗೆ ಶಿಸ್ತು ತಂದಿತು. ಅನಂತರ ಬಂದ ಇ–ಸಂಗ್ರಹಣೆ ವ್ಯವಸ್ಥೆ ಅದನ್ನು ಇನ್ನಷ್ಟು ಬಲಪಡಿಸಿತು. ಆದರೆ ಈ ಕಾಯ್ದೆ ಕಾಯುವುದು ಖರೀದಿಯ ಬಾಗಿಲನ್ನು. ಏನನ್ನು ಖರೀದಿಸಬೇಕು ಎಂಬ ತೀರ್ಮಾನ ಅದರ ಕಣ್ಣಿಗೆ ಬೀಳುವುದಿಲ್ಲ.

ಇತರ ದೇಶಗಳು ಈ ಅಡಚಣೆಯನ್ನು ಕಾನೂನು ಮತ್ತು ಕರಾರುಗಳ ಮೂಲಕ ನಿವಾರಿಸಿಕೊಂಡಿವೆ. ಅಮೆರಿಕದಲ್ಲಿ 1995ರ ಕಾಯ್ದೆಯೊಂದು ಕೇಂದ್ರದ ನೆರವಿನ, 2.5 ಕೋಟಿ ಡಾಲರ್ ಮೀರಿದ ರಾಷ್ಟ್ರೀಯ ಹೆದ್ದಾರಿ ಯೋಜನೆಗಳಿಗೆ ಮೌಲ್ಯ ಎಂಜಿನಿಯರಿಂಗ್ ಅಧ್ಯಯನವನ್ನು ಕಡ್ಡಾಯಗೊಳಿಸಿತು. 2012ರಲ್ಲಿ ಈ ಮಿತಿಯನ್ನು ಹೆದ್ದಾರಿಗಳಿಗೆ 5 ಕೋಟಿ ಡಾಲರಿಗೂ ಸೇತುವೆಗಳಿಗೆ 4 ಕೋಟಿ ಡಾಲರಿಗೂ ಏರಿಸಲಾಯಿತು. ಗುತ್ತಿಗೆದಾರನೇ ಕಾಮಗಾರಿಯ ನಡುವೆ ಉತ್ತಮ ಪರ್ಯಾಯ ಸೂಚಿಸಿದರೆ ಉಳಿತಾಯದಲ್ಲಿ ಅವನಿಗೂ ಪಾಲುಂಟು. ಅಲ್ಲಿನ ಕೇಂದ್ರ ಸರ್ಕಾರದ ನಿಗದಿತ ಬೆಲೆಯ ನಿರ್ಮಾಣ ಗುತ್ತಿಗೆಗಳಲ್ಲಿ ಈ ಪಾಲು ಶೇ 55. ಅಂತರರಾಷ್ಟ್ರೀಯ ಕಾಮಗಾರಿಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಫಿಡಿಕ್ ಕರಾರಿನ 1999ರ ಆವೃತ್ತಿಯಲ್ಲಿಯೂ ಮೌಲ್ಯ ಎಂಜಿನಿಯರಿಂಗ್‌ಗೆ ಪ್ರತ್ಯೇಕ ಷರತ್ತಿದ್ದು, ಗುತ್ತಿಗೆದಾರನ ವಿನ್ಯಾಸ ಬದಲಾವಣೆಯಿಂದ ಆಗುವ ನಿವ್ವಳ ಲಾಭದ ಅರ್ಧ ಅವನಿಗೆ ಸಲ್ಲುತ್ತದೆ.

ನಮ್ಮ ದೇಶದಲ್ಲಿಯೂ ಪ್ರಯತ್ನ ನಡೆದಿಲ್ಲವೆಂದಲ್ಲ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ 2016ರಲ್ಲಿ ಹೊಸ ತಂತ್ರಜ್ಞಾನ ಹಾಗೂ ವಸ್ತುಗಳ ಬಳಕೆಯಿಂದ ನಿರ್ಮಾಣ ವೆಚ್ಚ ತಗ್ಗಿಸಲೆಂದು ಇದೇ ಹೆಸರಿನ ಕಾರ್ಯಕ್ರಮವನ್ನು ಆರಂಭಿಸಿತು. ಕೇಂದ್ರ ಹಣಕಾಸು ಸಚಿವಾಲಯ 2021ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಸೂಚನೆಗಳಲ್ಲಿ, ಗುಣಮಟ್ಟವೇ ಪ್ರಧಾನವೆಂದು ಘೋಷಿಸಿದ ಕಾಮಗಾರಿಗಳಲ್ಲಿ ದರದ ಜೊತೆಗೆ ಗುಣಮಟ್ಟಕ್ಕೂ ಶೇ 30ರವರೆಗೆ ಅಂಕ ನೀಡಲು ಅವಕಾಶ ಕಲ್ಪಿಸಿತು. ಕನಿಷ್ಠ ದರವೇ ಅಂತಿಮ ಸತ್ಯ ಎಂಬ ನಂಬಿಕೆಯಿಂದ ಸರ್ಕಾರ ಒಂದು ಹೆಜ್ಜೆ ಆಚೆ ಬಂದದ್ದು ಸ್ವಾಗತಾರ್ಹ. ಆದರೆ ಇದೂ ಯಾರಿಗೆ ಕೊಡಬೇಕು ಎಂಬ ಪ್ರಶ್ನೆಗೆ ಉತ್ತರವೇ ಹೊರತು ಏನನ್ನು ಕಟ್ಟಬೇಕು ಎಂಬುದಕ್ಕಲ್ಲ.

ಕರ್ನಾಟಕ ಈ ವಿಷಯದಲ್ಲಿ ಏನು ಮಾಡಬಹುದು? ಮೊದಲನೆಯದಾಗಿ, ಉದಾಹರಣೆಗೆ 50 ಕೋಟಿ ರೂಪಾಯಿ ಮೀರಿದ ಪ್ರತಿಯೊಂದು ಕಾಮಗಾರಿಗೂ, ಮೊತ್ತ ಎಷ್ಟೇ ಇದ್ದರೂ ರಾಜ್ಯದಾದ್ಯಂತ ಪುನರಾವರ್ತನೆಯಾಗುವ ಪ್ರತಿಯೊಂದು ಮಾದರಿ ನಕ್ಷೆಗೂ, ಆಡಳಿತಾತ್ಮಕ ಅನುಮೋದನೆಗೆ ಮುನ್ನ ಮೌಲ್ಯ ಎಂಜಿನಿಯರಿಂಗ್ ಅಧ್ಯಯನವನ್ನು ಕಡ್ಡಾಯಗೊಳಿಸಬೇಕು. ಎರಡನೆಯದಾಗಿ, ವಿನ್ಯಾಸ ಮಾಡಿದವರೇ ಅದನ್ನು ಪರಿಶೀಲಿಸುವಂತಾಗಬಾರದು. ಭಾರತೀಯ ವಿಜ್ಞಾನ ಸಂಸ್ಥೆ, ಸುರತ್ಕಲ್‌ನ ಎನ್‌ಐಟಿಕೆ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಂಥ ಸಂಸ್ಥೆಗಳ ತಜ್ಞರ ಜೊತೆಗೆ ಕಟ್ಟಡವನ್ನು ಮುಂದೆ ಬಳಸುವ ಇಲಾಖೆಯವರೂ ನಿರ್ವಹಿಸುವವರೂ ಆ ತಂಡದಲ್ಲಿರಬೇಕು. ಶಾಲೆಯ ವಿನ್ಯಾಸದ ಸಭೆಯಲ್ಲಿ ಒಬ್ಬ ಮುಖ್ಯೋಪಾಧ್ಯಾಯಿನಿ, ಆಸ್ಪತ್ರೆಯ ಸಭೆಯಲ್ಲಿ ಒಬ್ಬ ಶುಶ್ರೂಷಕಿ ಇದ್ದರೆ ಎಷ್ಟೋ ಅನಗತ್ಯ ಬಾಬುಗಳು ತಾವಾಗಿಯೇ ಉದುರಿಹೋಗುತ್ತವೆ. ಬಿಟ್ಟುಹೋದ ಅಗತ್ಯಗಳೂ ಸೇರಿಕೊಳ್ಳುತ್ತವೆ. ಮೂರನೆಯದಾಗಿ, ಸಲಹೆಗಾರರ ಶುಲ್ಕವನ್ನು ಯೋಜನಾ ವೆಚ್ಚದ ಶೇಕಡಾವಾರಿನಿಂದ ಬೇರ್ಪಡಿಸಿ ನಿಗದಿತ ಮೊತ್ತಕ್ಕೆ ಬದಲಾಯಿಸಬೇಕು.

ನಾಲ್ಕನೆಯದಾಗಿ, ಗುತ್ತಿಗೆದಾರರು ನೀಡುವ ಉಳಿತಾಯದ ಸಲಹೆಗೆ ಟೆಂಡರ್ ದಾಖಲೆಯಲ್ಲಿಯೇ ಷರತ್ತು ಸೇರಿಸಿ, ನಿವ್ವಳ ಉಳಿತಾಯದ ಅರ್ಧವನ್ನು ಅವರಿಗೆ ಕೊಡಬೇಕು. ಉಳಿದರ್ಧದಲ್ಲಿ ಒಂದು ಪಾಲು ಅದೇ ಇಲಾಖೆಯ ಮುಂದಿನ ಕಾಮಗಾರಿಗಳಿಗೆ ದೊರೆಯುವಂತಾಗಬೇಕು. ಐದನೆಯದಾಗಿ, ಅಧ್ಯಯನದ ಶಿಫಾರಸಿನಂತೆ ನಡೆದ ಎಂಜಿನಿಯರ್‌ಗೆ ಲೆಕ್ಕಪರಿಶೋಧನೆಯಲ್ಲಿ ರಕ್ಷಣೆ ಇರಬೇಕು. ಮಹಾಲೇಖಪಾಲರ ಕಚೇರಿಯೊಂದಿಗೆ ಸಮಾಲೋಚಿಸಿ ಸ್ಪಷ್ಟ ಮಾರ್ಗಸೂಚಿ ಹೊರಡಿಸಿದರೆ ಇದು ಸಾಧ್ಯ. ಹಾಗೆಯೇ ವಾರ್ಷಿಕ ದರಪಟ್ಟಿಯಲ್ಲಿ ಫಿಲ್ಲರ್ ಸ್ಲ್ಯಾಬ್, ಪೊಳ್ಳು ಗೋಡೆ, ಒತ್ತಿದ ಮಣ್ಣಿನ ಇಟ್ಟಿಗೆಗಳಂಥ ಪರೀಕ್ಷಿತ ಪರ್ಯಾಯಗಳನ್ನು ಎಲ್ಲ ವಲಯಗಳಲ್ಲಿಯೂ ಸಾಮಾನ್ಯ ಬಾಬುಗಳಾಗಿ ಸೇರಿಸಬೇಕು. ದರಪಟ್ಟಿಯಲ್ಲಿ ಇಲ್ಲದ್ದು ಸರ್ಕಾರಿ ಎಂಜಿನಿಯರ್‌ನ ಪಾಲಿಗೆ ಜಗತ್ತಿನಲ್ಲೇ ಇಲ್ಲ.

ಇದರಲ್ಲಿ ಅಪಾಯಗಳಿಲ್ಲವೇ? ಇವೆ. ಕಡಿಮೆ ದರ ನಮೂದಿಸಿ ಕೆಲಸ ಹಿಡಿದು, ಆಮೇಲೆ ‘ಪರ್ಯಾಯ ವಿನ್ಯಾಸ’ದ ಹೆಸರಿನಲ್ಲಿ ಗುಣಮಟ್ಟ ಇಳಿಸಿ ಲಾಭ ಮಾಡಿಕೊಳ್ಳುವ ಗುತ್ತಿಗೆದಾರರು ಇದ್ದೇ ಇರುತ್ತಾರೆ. ಆದ್ದರಿಂದಲೇ ಟೆಂಡರಿಗೆ ಮುನ್ನ ನಡೆಯುವ ಅಧ್ಯಯನಕ್ಕೆ ಪ್ರಥಮ ಪ್ರಾಶಸ್ತ್ಯ ಇರಬೇಕು. ಟೆಂಡರ್ ನಂತರದ ಪ್ರಸ್ತಾವಗಳನ್ನು ಸ್ವತಂತ್ರ ತಾಂತ್ರಿಕ ಸಮಿತಿ ಪರಿಶೀಲಿಸಬೇಕು. ಮೂಲ ವಿನ್ಯಾಸ, ಹೊಸ ವಿನ್ಯಾಸ, ಉಳಿತಾಯದ ಲೆಕ್ಕ ಮತ್ತು ಹಂಚಿಕೆ ಇವೆಲ್ಲ ಸಾರ್ವಜನಿಕರಿಗೆ ಲಭ್ಯವಾಗಬೇಕು. ಎಲ್ಲವೂ ಬಹಿರಂಗವಾಗಿ ನಡೆದರೆ ಸಂಶಯಕ್ಕೆ ಎಡೆಯಿರುವುದಿಲ್ಲ. ಅಧ್ಯಯನದಿಂದ ಕಾಮಗಾರಿ ವಿಳಂಬವಾಗುತ್ತದೆ ಎಂಬ ಇನ್ನೊಂದು ಆಕ್ಷೇಪವಿದೆ. ಸಿದ್ಧತೆ ಇರುವ ತಂಡಕ್ಕೆ ಸಾಧಾರಣ ಕಾಮಗಾರಿಯ ಅಧ್ಯಯನಕ್ಕೆ ಕೆಲವು ವಾರ ಸಾಕು. ಭೂಸ್ವಾಧೀನಕ್ಕೆ, ವಿದ್ಯುತ್ ಕಂಬಗಳ ಸ್ಥಳಾಂತರಕ್ಕೆ, ಬಿಲ್ ಪಾವತಿಗೆ ವರ್ಷಗಟ್ಟಲೆ ಕಾಯುವ ವ್ಯವಸ್ಥೆ ಈ ಕೆಲವು ವಾರಗಳಿಗೆ ಅಂಜಬೇಕಾಗಿಲ್ಲ. ಬೆಂಗಳೂರಿನ ಈಜಿಪುರ ಮೇಲ್ಸೇತುವೆ 2017ರಲ್ಲಿ ಆರಂಭವಾಗಿ, 2022ರಲ್ಲಿ ಗುತ್ತಿಗೆಯೇ ರದ್ದಾಗಿ, ಅರ್ಧಕ್ಕೆ ನಿಂತ ಕಂಬಗಳ ನಡುವೆ ಕೋರಮಂಗಲದ ಜನ ವರ್ಷಗಟ್ಟಲೆ ಓಡಾಡಿದ್ದನ್ನು ಕಂಡ ಮೇಲೂ ಆತುರವೇ ವೇಗ ಎಂದು ನಂಬುವುದು ಕಷ್ಟ.

ಎಲ್ಲಕ್ಕಿಂತ ದೊಡ್ಡ ಆಕ್ಷೇಪ ಭ್ರಷ್ಟಾಚಾರದ್ದು. ರಾಜ್ಯ ಗುತ್ತಿಗೆದಾರರ ಸಂಘ 2021ರಲ್ಲಿ ಪ್ರಧಾನಿಗೆ ಪತ್ರ ಬರೆದು ಶೇ 40ರಷ್ಟು ಕಮಿಷನ್ ಕೊಡಬೇಕಾಗಿದೆ ಎಂದು ಆರೋಪಿಸಿತ್ತು. ಅಂಥ ಆರೋಪ ಕೇಳಿಬರುವ ಕಡೆ ವಿನ್ಯಾಸ ತಿದ್ದಿ ಶೇ 5 ಉಳಿಸುವ ಮಾತು ಹಾಸ್ಯಾಸ್ಪದವೆಂದು ಕೆಲವರಿಗೆ ತೋರಬಹುದು. ಮೌಲ್ಯ ಎಂಜಿನಿಯರಿಂಗ್ ಲಂಚಕ್ಕೆ ಮದ್ದಲ್ಲ ಎಂಬುದನ್ನು ಒಪ್ಪಲೇಬೇಕು. ಅದಕ್ಕೆ ಲೋಕಾಯುಕ್ತ, ನ್ಯಾಯಾಲಯ ಮತ್ತು ಮತದಾರರೇ ಬೇಕು. ಆದರೂ ಒಂದು ಮಾತನ್ನು ಮರೆಯಬಾರದು. ಉಬ್ಬಿಸಿದ ಅಂದಾಜಿನ ಒಳಗೇ ಕಮಿಷನ್‌ಗೆ ಜಾಗ ಸೃಷ್ಟಿಯಾಗುವುದು. ಪ್ರತಿಯೊಂದು ಬಾಬು ಏಕೆ ಬೇಕು, ಅದರ ಕಾರ್ಯವೇನು, ಅದಕ್ಕಿಂತ ಅಗ್ಗದ ಪರ್ಯಾಯ ಏಕೆ ಬೇಡ ಎಂದು ಲಿಖಿತವಾಗಿ ಉತ್ತರಿಸಬೇಕಾದ ಕಡೆ, ಆ ಉತ್ತರವನ್ನು ಯಾವ ನಾಗರಿಕನೂ ಓದಬಹುದಾದ ಕಡೆ, ಅಂದಾಜನ್ನು ಉಬ್ಬಿಸುವುದು ಈಗಿನಷ್ಟು ಸುಲಭವಾಗಿರುವುದಿಲ್ಲ.

ಟೆಂಡರ್ ಪಾರದರ್ಶಕತೆಯ ಕಾಯ್ದೆ ಬಂದು ಕಾಲು ಶತಮಾನ ಕಳೆದಿದೆ. ಹೇಗೆ ಕೊಳ್ಳಬೇಕು ಎಂಬುದನ್ನು ನಾವು ಅಷ್ಟಿಷ್ಟು ಕಲಿತಿದ್ದೇವೆ. ಏನನ್ನು, ಏಕೆ ಕೊಳ್ಳಬೇಕು ಎಂಬುದನ್ನು ಕಾನೂನಿನ ಚೌಕಟ್ಟಿಗೆ ತರುವುದು ಈಗ ಆಗಬೇಕಾದ ಕೆಲಸ. ಇದಕ್ಕೆ ಹೊಸ ಇಲಾಖೆ ಬೇಡ, ಹೊಸ ನಿಗಮ ಬೇಡ, ದೊಡ್ಡ ಅನುದಾನವೂ ಬೇಡ. ಕಾಯ್ದೆಯ ನಿಯಮಗಳಿಗೆ ಒಂದು ತಿದ್ದುಪಡಿ, ಮಾದರಿ ಟೆಂಡರ್ ದಾಖಲೆಗೆ ಒಂದು ಷರತ್ತು, ಹಣಕಾಸು ಇಲಾಖೆಯಿಂದ ಒಂದು ಸುತ್ತೋಲೆ ಇಷ್ಟೇ ಸಾಕು. ಮುಂದಿನ ಬಜೆಟ್‌ಗೆ ಮುನ್ನ ಸರ್ಕಾರ ಶಾಲಾ ಕೊಠಡಿಯ ಮಾದರಿ ನಕ್ಷೆಯೊಂದನ್ನಾದರೂ ಇಂಥ ಅಧ್ಯಯನಕ್ಕೆ ಒಳಪಡಿಸಿ ಫಲಿತಾಂಶವನ್ನು ಪ್ರಕಟಿಸಲಿ. ಉಳಿತಾಯ ಕಂಡುಬಂದರೆ ಉಳಿದ ಇಲಾಖೆಗಳಿಗೆ ವಿಸ್ತರಿಸಲು ಯಾರ ಅಪ್ಪಣೆಯೂ ಬೇಕಾಗುವುದಿಲ್ಲ.